ಕೇಳಿದವರಿಗೊಂದು ರೇಟು, ಕೇಳದವರಿಗೊಂದು ರೇಟು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದೊಡ್ಡ ಡಿಸ್ಕೌಂಟ್ ಮಳಿಗೆಗಳ ‘ಪ್ರೈಸ್ ಮ್ಯಾಚ್’ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಬೇರೆ ಕಡೆ ಇದೇ ಸಾಮಾನು ಕಡಿಮೆಗೆ ಸಿಕ್ಕರೆ ತೋರಿಸಿ, ನಾವೂ ಅದೇ ರೇಟಿಗೆ ಕೊಡುತ್ತೇವೆ ಅನ್ನುವ ಭರವಸೆ ಅದು. ಕೇಳಲು ಚೆನ್ನಾಗಿದೆ. ಆದರೆ ಸ್ವಲ್ಪ ಯೋಚಿಸಿ ನೋಡಿ. ಆ ರೇಟಿಗೆ ಮಾರಿದರೂ ತಮಗೆ ಗಿಟ್ಟುತ್ತದೆ ಅಂತ ಅಂಗಡಿಯವರೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ? (ಒಮ್ಮೊಮ್ಮೆ ನಷ್ಟ ಮಾಡಿಕೊಂಡೂ ಕೊಡುತ್ತಾರೆ, ಅದು ಬೇರೆ ಮಾತು.) ಹಾಗಿದ್ದ ಮೇಲೆ ಕೇಳಿದವರಿಗೆ ಮಾತ್ರ ಯಾಕೆ? ಸುಮ್ನೆ ಬಂದು, ಬೇಕಾದದ್ದು ತೆಗೆದುಕೊಂಡು, ಬಿಲ್ ಕಟ್ಟಿ ಹೋಗುವವರು ಏನು ತಪ್ಪು ಮಾಡಿದರು?

ಈ ವಿಷಯಕ್ಕೆ ಗ್ರಾಹಕರನ್ನು ಮಾತಿಗೆಳೆದರೆ ಒಬ್ಬೊಬ್ಬರದು ಒಂದೊಂದು ರಾಗ. ಕೆಲವರಿಗೆ ಇದು ಚೌಕಾಸಿಯ ಹೊಸ ಅವತಾರ. ಫೋನಿನಲ್ಲಿ ನಾಲ್ಕಾರು ಅಂಗಡಿಗಳ ಆ್ಯಪ್ ಇಟ್ಟುಕೊಂಡು, ಕಪಾಟಿನ ಮುಂದೆ ನಿಂತೇ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಎಲ್ಲಿ ಎಷ್ಟಿದೆ ಅಂತ ನೋಡಿ, ಸ್ಕ್ರೀನ್‌ಶಾಟ್ ಸಮೇತ ಕೌಂಟರಿಗೆ ಹೋಗುತ್ತಾರೆ. ಉಳಿದದ್ದು ಚಿಲ್ಲರೆಯಾದರೂ ಗೆದ್ದ ಖುಷಿಯೇ ಬೇರೆ. ಅವರ ಜಾಣತನಕ್ಕೆ ನನ್ನದೇನೂ ತಕರಾರಿಲ್ಲ. ಇನ್ನು ಕೆಲವರಿಗೆ ಬಾಯಿ ಬಿಟ್ಟು ಕೇಳುವುದೇ ಸಂಕೋಚ. ಹಿಂದೆ ಕ್ಯೂ ಬೆಳೆಯುತ್ತಿರುತ್ತದೆ, ಜೊತೆಯಲ್ಲಿ ಬಂದ ಮಗು ಕೈ ಜಗ್ಗುತ್ತಿರುತ್ತದೆ, ‘ಇಷ್ಟು ದುಡ್ಡಿಗೆ ಯಾಕೆ ಮುಖ ಸಣ್ಣದು ಮಾಡಿಕೊಳ್ಳೋದು’ ಅಂತ ಬಿಟ್ಟುಬಿಡುತ್ತಾರೆ. ಹೀಗೊಂದು ಸೌಲಭ್ಯ ಇದೆ ಅಂತಲೇ ಗೊತ್ತಿಲ್ಲದವರು ಇವರೆಲ್ಲರಿಗಿಂತ ಜಾಸ್ತಿ. ಸ್ಮಾರ್ಟ್‌ಫೋನ್ ಬಳಸಲು ಬಾರದ ಹಿರಿಯರು, ಎರಡು ಕೆಲಸದ ನಡುವೆ ಓಡೋಡಿ ಬಂದು ಸಾಮಾನು ಕೊಳ್ಳುವವರು, ಆ ಊರಿನ ಭಾಷೆ ಸರಿಯಾಗಿ ಬಾರದವರು. ದುಡ್ಡು ಉಳಿಸುವ ಅಗತ್ಯ ಇವರಿಗೇ ಹೆಚ್ಚು. ಆದರೆ ಪೂರ್ತಿ ರೇಟು ಕೊಡುವವರೂ ಇವರೇ.

ಕೇಳಿದವರ ಪಾಡೇನು ಅದನ್ನೂ ನೋಡೋಣ. ಕೌಂಟರಿನ ಹುಡುಗಿ ನಿಮ್ಮ ಫೋನ್ ತೆಗೆದುಕೊಳ್ಳುತ್ತಾಳೆ. ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ, ಡಬ್ಬದ ಮೇಲಿನ ಮಾಡೆಲ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ತಾಳೆ ನೋಡುತ್ತಾಳೆ. ಎಲ್ಲ ಸರಿಯಿದೆ, ಕೊನೆಯ ಅಕ್ಷರ ಮಾತ್ರ ಬೇರೆ. ‘ಇದು ಬೇರೆ ಮಾಡೆಲ್, ಆಗಲ್ಲ.’ ಅಕ್ಷರವೂ ಹೊಂದಿತು ಅಂದುಕೊಳ್ಳಿ, ಆಗ ಬಣ್ಣ ಬೇರೆ. ಬಣ್ಣವೂ ಒಂದೇ ಆದರೆ ಆ ಇನ್ನೊಂದು ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಸ್ಟಾಕ್ ಇದ್ದರೆ ಅದು ಸದಸ್ಯರಿಗೆ ಮಾತ್ರ ಕೊಡುವ ರೇಟು, ಇಲ್ಲವೇ ಕ್ಲಿಯರೆನ್ಸ್ ರೇಟು, ಇಲ್ಲವೇ ಕೂಪನ್ ಹಾಕಿದ ಮೇಲಿನ ರೇಟು. ಎಲ್ಲವೂ ಸರಿಹೋದರೆ ಮ್ಯಾನೇಜರ್ ಬರಬೇಕು, ಅವರು ಊಟಕ್ಕೆ ಹೋಗಿದ್ದಾರೆ. ನಿಮ್ಮ ಹಿಂದೆ ನಿಂತವರ ನಿಟ್ಟುಸಿರು ಬೆನ್ನಿಗೆ ತಾಗುತ್ತಿರುತ್ತದೆ. ಪಾಪ, ಆ ಹುಡುಗಿಯ ತಪ್ಪೂ ಇಲ್ಲ. ನಿಯಮ ಬರೆದವರು ಎಲ್ಲೋ ಎಸಿ ರೂಮಿನಲ್ಲಿದ್ದಾರೆ, ಗ್ರಾಹಕರ ಕೈಲಿ ಬೈಸಿಕೊಳ್ಳುವವಳು ಇವಳು. ಒಂದು ದಿನ ಒಬ್ಬರು ಒಪ್ಪಿದ್ದನ್ನು ಮಾರನೇ ದಿನ ಇನ್ನೊಬ್ಬರು ಒಪ್ಪುವುದಿಲ್ಲ. ಒಂದೇ ಚೈನಿನ ಎರಡು ಮಳಿಗೆಗಳಲ್ಲಿ ಎರಡು ಉತ್ತರ ಸಿಗುತ್ತದೆ. ಗ್ರಾಹಕರಿಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

ಮಾಡೆಲ್ ನಂಬರಿನ ಆ ಕೊನೆಯ ಅಕ್ಷರ ಸುಮ್ನೆ ಬೇರೆ ಆಗಿರುವುದಿಲ್ಲ. ಟಿವಿ, ಹಾಸಿಗೆ, ಅಡುಗೆಮನೆಯ ಯಂತ್ರಗಳಂಥ ಸಾಮಾನುಗಳಲ್ಲಿ ತಯಾರಕರು ಒಂದೊಂದು ದೊಡ್ಡ ಚೈನಿಗೆ ಒಂದೊಂದು ಮಾಡೆಲ್ ಮಾಡಿಕೊಡುವುದು ಈ ವ್ಯಾಪಾರದಲ್ಲಿ ಮಾಮೂಲು. ಒಳಗಿನ ವ್ಯತ್ಯಾಸ ಅಲ್ಪಸ್ವಲ್ಪ, ಹೆಸರು ಮಾತ್ರ ಪೂರ್ತಿ ಬೇರೆ. ಹಾಸಿಗೆಯ ವಿಷಯದಲ್ಲಂತೂ ಇದು ಅತಿಯಾಗಿದೆ. ಬೇರೆ ಯಾರೂ ಮಾರದ ಸಾಮಾನಿಗೆ ‘ಬೇರೆಯವರ ರೇಟಿಗೆ ಕೊಡುತ್ತೇವೆ’ ಅಂತ ಮಾತು ಕೊಡುವುದು ಎಷ್ಟು ಸುಲಭ ನೋಡಿ! ಅಂಗಡಿಯ ಸ್ವಂತ ಬ್ರ್ಯಾಂಡಿನ ಸಾಮಾನಿನ ಕಥೆಯೂ ಅಷ್ಟೇ. ಆಸ್ಟ್ರೇಲಿಯಾದ ಬನ್ನಿಂಗ್ಸ್ ಅನ್ನುವ ಹಾರ್ಡ್‌ವೇರ್ ಚೈನ್, ಬೇರೆಯವರ ರೇಟಿಗಿಂತ ಶೇ 10 ಕಡಿಮೆಗೆ ಕೊಡುತ್ತೇವೆ ಅನ್ನುತ್ತದೆ. ದೊಡ್ಡ ಮಾತೇ. ಆದರೆ ಹೋಲಿಸಲು ಅದೇ ಸಾಮಾನು ಇನ್ನೊಂದು ಅಂಗಡಿಯಲ್ಲಿ ಇರಬೇಕಲ್ಲ.

ಅಂಗಡಿಯವರ ಕಡೆಗೂ ನ್ಯಾಯ ಇದೆ, ಇಲ್ಲ ಅನ್ನಲಾರೆ. 2014ರ ನವೆಂಬರಿನಲ್ಲಿ ಅಮೆರಿಕದ ವಾಲ್‌ಮಾರ್ಟ್ ತನ್ನ ಮಳಿಗೆಗಳಲ್ಲಿ ಆನ್‌ಲೈನ್ ರೇಟಿಗೂ ಮ್ಯಾಚ್ ಮಾಡುತ್ತೇವೆ ಅಂತ ಸಾರಿತು. ಸಾರಿದ್ದೇ ತಡ, ಕೆಲವರು ಅಮೆಜಾನ್‌ನಲ್ಲಿ ತಾವೇ ಮಾರಾಟಗಾರರ ಖಾತೆ ತೆರೆದು, 400 ಡಾಲರಿನ ಪ್ಲೇಸ್ಟೇಷನ್ 4 ಅನ್ನುವ ಗೇಮ್ ಯಂತ್ರಕ್ಕೆ 100 ಡಾಲರಿಗಿಂತ ಕಡಿಮೆ ರೇಟು ಹಾಕಿ, ಆ ಪುಟವನ್ನು ಕೌಂಟರಿನಲ್ಲಿ ತೋರಿಸಿ ಕೊಂಡುಹೋದರು. ಆಮೇಲೆ ವಾಲ್‌ಮಾರ್ಟ್, ಇಂಥ ವೆಬ್‌ಸೈಟುಗಳಲ್ಲಿ ಖಾತೆ ತೆರೆದು ಮಾರುವ ಹೊರಗಿನವರ ರೇಟು ನಡೆಯುವುದಿಲ್ಲ ಅಂತ ನಿಯಮ ಬಿಗಿ ಮಾಡಿತು. ಬಿಗಿ ಮಾಡಿದ್ದು ಸರಿ. ಯಾರೋ ನಾಲ್ಕು ಜನರ ಕಿತಾಪತಿಗೆ ಉಳಿದವರೆಲ್ಲ ಸಾಕ್ಷಿ ಪುರಾವೆ ಹಿಡಿದು ನಿಲ್ಲುವ ಹಾಗಾಯಿತು ಅನ್ನುವುದೂ ಸರಿ.

ಅದೇ ವಾಲ್‌ಮಾರ್ಟ್ ಅದೇ 2014ರಲ್ಲಿ ‘ಸೇವಿಂಗ್ಸ್ ಕ್ಯಾಚರ್’ ಅನ್ನುವುದನ್ನೂ ತಂದಿತ್ತು. ನನ್ನ ಪ್ರಕಾರ ಈ ಇಡೀ ವ್ಯವಹಾರದಲ್ಲಿ ಗ್ರಾಹಕರಿಗೆ ಅನುಕೂಲವಾಗಿದ್ದು ಅದೊಂದೇ. ಮನೆಗೆ ಹೋಗಿ ಬಿಲ್ ಸ್ಕ್ಯಾನ್ ಮಾಡಿದರೆ ಸಾಕು. ಸುತ್ತಲಿನ ಅಂಗಡಿಗಳು ಜಾಹೀರಾತಿನಲ್ಲಿ ಕೊಟ್ಟ ರೇಟುಗಳ ಜೊತೆ ಆ್ಯಪ್ ತಾನೇ ಹೋಲಿಸಿ, ವ್ಯತ್ಯಾಸವಿದ್ದರೆ ಅಷ್ಟನ್ನು ಗಿಫ್ಟ್ ಕಾರ್ಡಿಗೆ ಹಾಕುತ್ತಿತ್ತು. ವಾದ ಇಲ್ಲ, ಕ್ಯೂ ಇಲ್ಲ, ಮ್ಯಾನೇಜರ್ ಇಲ್ಲ. 2019ರಲ್ಲಿ ಅದನ್ನು ನಿಲ್ಲಿಸಿದರು. ಗ್ರಾಹಕರು ಮೈ ಬಗ್ಗಿಸದೆ ಲಾಭ ಪಡೆಯುವ ದಾರಿ ಮೊದಲು ಮುಚ್ಚಿತು. ಅಮೆರಿಕದ್ದೇ ಆದ ಟಾರ್ಗೆಟ್ ಅನ್ನುವ ಚೈನ್ 2013ರಿಂದ ವರ್ಷವಿಡೀ ಅಮೆಜಾನ್, ವಾಲ್‌ಮಾರ್ಟ್ ಮುಂತಾದವರ ರೇಟಿಗೆ ಮ್ಯಾಚ್ ಮಾಡುತ್ತಿತ್ತು. 2025ರ ಜುಲೈ ಕೊನೆಯಲ್ಲಿ ಅದೂ ನಿಂತಿತು. ಈಗ ಟಾರ್ಗೆಟ್ ತನ್ನ ರೇಟಿಗೆ ತಾನೇ ಮ್ಯಾಚ್ ಮಾಡುತ್ತದೆ, ಅಂದರೆ ಕೊಂಡ ಕೆಲವು ದಿನಗಳೊಳಗೆ ಅವರದೇ ಅಂಗಡಿಯಲ್ಲೋ ವೆಬ್‌ಸೈಟಿನಲ್ಲೋ ರೇಟು ಇಳಿದರೆ ಕೇಳಿ ವಾಪಸ್ ಪಡೆಯಬಹುದು.

ಒಂದೇ ಕಂಪನಿಯ ಮಳಿಗೆಯಲ್ಲಿ ಒಂದು ರೇಟು, ಅದರದೇ ಆ್ಯಪಿನಲ್ಲಿ ಇನ್ನೊಂದು. ಇದಕ್ಕಿಂತ ವಿಚಿತ್ರ ಬೇರೆ ಬೇಕಾ? 2019ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಟಿವಿ ವಾಹಿನಿಯೊಂದು ಟಾರ್ಗೆಟ್ ಆ್ಯಪನ್ನು ಪರೀಕ್ಷೆ ಮಾಡಿತು. ಪಾರ್ಕಿಂಗ್ ಜಾಗದಲ್ಲಿ ನಿಂತಾಗ ಒಂದು ರೇಟು ತೋರಿಸುತ್ತಿದ್ದ ಆ್ಯಪ್, ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಅದೇ ಸಾಮಾನಿಗೆ ಜಾಸ್ತಿ ರೇಟು ತೋರಿಸುತ್ತಿತ್ತು. ಫೋನ್ ಎಲ್ಲಿದೆ ಅನ್ನುವುದು ಆ್ಯಪಿಗೆ ಗೊತ್ತಿರುತ್ತದಲ್ಲ. ಮುಂದೆ 2022ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ವಕೀಲರು ಹೂಡಿದ್ದ ಬೆಲೆ ವಿಚಾರದ ಮೊಕದ್ದಮೆಯನ್ನು ಆ ಕಂಪನಿ 50 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಅದಕ್ಕೇ ಹೇಳುವುದು, ಬೇರೆ ಅಂಗಡಿಯ ರೇಟು ಹುಡುಕುವ ಮೊದಲು ನೀವು ನಿಂತಿರುವ ಅಂಗಡಿಯ ವೆಬ್‌ಸೈಟನ್ನೇ ಒಮ್ಮೆ ನೋಡಿ, ಸಾಧ್ಯವಾದರೆ ಒಳಗೆ ಹೋಗುವ ಮುಂಚೆಯೇ ನೋಡಿಕೊಳ್ಳಿ.

ಪ್ರೈಸ್ ಮ್ಯಾಚ್ ಇದ್ದರೆ ಪೈಪೋಟಿ ಹೆಚ್ಚುತ್ತದೆ, ಎಲ್ಲರಿಗೂ ಒಳ್ಳೆಯದು ಅನ್ನುವ ಗ್ರಾಹಕರೂ ಬೇಕಾದಷ್ಟಿದ್ದಾರೆ. ಮೇಲ್ನೋಟಕ್ಕೆ ಹೌದು. ಆದರೆ ಸ್ಟೀವನ್ ಸಾಲಪ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞ 1986ರಲ್ಲೇ ಇದನ್ನು ತಿರುಗಿಸಿ ನೋಡಿದ್ದರು. ಎದುರು ಬದುರು ಎರಡು ಅಂಗಡಿ ಇವೆ ಅಂದುಕೊಳ್ಳಿ. ಎರಡೂ ‘ಪಕ್ಕದವರ ರೇಟಿಗೆ ನಾವೂ ಕೊಡುತ್ತೇವೆ’ ಅಂತ ಬೋರ್ಡು ಹಾಕಿವೆ. ಈಗ ಒಬ್ಬ ರೇಟು ಇಳಿಸಿದರೆ ಅವನಿಗೇನು ಸಿಗುತ್ತದೆ? ಗಿರಾಕಿಗಳು ಅವನ ಕಡೆ ಓಡಿ ಬರುವುದಿಲ್ಲ, ಇದ್ದಲ್ಲೇ ಕಡಿಮೆ ರೇಟು ಪಡೆಯುತ್ತಾರೆ. ಹೊಸ ಗಿರಾಕಿ ಬರಲಿಲ್ಲ, ಇದ್ದ ಲಾಭವೂ ಹೋಯಿತು. ಹಾಗಾಗಿ ಇಬ್ಬರೂ ಇಳಿಸದೆ ಕೂರುತ್ತಾರೆ. ಅಂದರೆ ನಮಗೆ ಕೊಟ್ಟ ಭರವಸೆಯಂತೆ ಕಾಣುವ ಬೋರ್ಡು, ಎದುರಿನವನಿಗೆ ಕೊಟ್ಟ ಎಚ್ಚರಿಕೆಯೂ ಹೌದು. ಎಲ್ಲ ಅರ್ಥಶಾಸ್ತ್ರಜ್ಞರೂ ಇದನ್ನು ಒಪ್ಪುವುದಿಲ್ಲ. ನಿಜವಾಗಿ ಕಡಿಮೆಗೆ ಮಾರುವ ಅಂಗಡಿ ಅದನ್ನು ಸಾರಿ ಹೇಳುವ ದಾರಿ ಇದು ಅನ್ನುವವರಿದ್ದಾರೆ. ಹುಡುಕಿ ಕೊಳ್ಳುವವರನ್ನೂ ಹುಡುಕದೆ ಕೊಳ್ಳುವವರನ್ನೂ ಬೇರೆ ಮಾಡಿ, ಎರಡು ರೇಟು ವಸೂಲಿ ಮಾಡುವ ಉಪಾಯ ಅನ್ನುವವರೂ ಇದ್ದಾರೆ. ನನಗೆ ಈ ಕೊನೆಯದೇ ಸರಿ ಅನ್ನಿಸುತ್ತದೆ. ಕೌಂಟರಿನ ಮುಂದೆ ಹತ್ತು ನಿಮಿಷ ನಿಂತು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಇಷ್ಟೊಂದು ಸಾಮಾನಿನ ರೇಟನ್ನು ನಾವೇ ಹೇಗೆ ನೋಡುತ್ತಾ ಕೂರುವುದು ಅಂತ ಕಂಪನಿಯವರು ಕೇಳಬಹುದು. ಬ್ರಿಟನ್ನಿನ ಜಾನ್ ಲೂಯಿಸ್ ಅನ್ನುವ ದೊಡ್ಡ ಮಳಿಗೆಗಳ ಕಂಪನಿ ಅದಕ್ಕೆ ಉತ್ತರ ಕೊಟ್ಟಿದೆ. ನಮಗಿಂತ ಕಡಿಮೆಗೆ ಯಾರೂ ಮಾರುವುದಿಲ್ಲ ಅನ್ನುವ ಅರ್ಥದ ಅವರ ಘೋಷಣೆ 1925ರದು. ಆನ್‌ಲೈನ್‌ನಲ್ಲಿ ಮಾತ್ರ ಮಾರುವವರ ಜೊತೆ ಅದು ಹೊಂದುವುದಿಲ್ಲ ಅಂತಾಗಿ 2022ರಲ್ಲಿ ಕೈಬಿಟ್ಟರು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ತಂದರು, ಈ ಸಲ ಅಮೆಜಾನ್ ಸೇರಿದಂತೆ 25 ಮಾರಾಟಗಾರರ ರೇಟುಗಳನ್ನು ಕಂಪ್ಯೂಟರೇ ಗಮನಿಸುವ ಹಾಗೆ ಮಾಡಿಕೊಂಡು. ಕಂಪ್ಯೂಟರ್ ನೋಡಬಲ್ಲದು ಅಂದ ಮೇಲೆ ಗ್ರಾಹಕರು ಯಾಕೆ ಹುಡುಕಿ ಸುಸ್ತಾಗಬೇಕು? ಅದೇ ದೇಶದ ಟೆಸ್ಕೊ ಅನ್ನುವ ಸೂಪರ್‌ಮಾರ್ಕೆಟ್ ಚೈನ್ 2020ರಿಂದ, ಆಲ್ಡಿ ಅನ್ನುವ ಅಗ್ಗದ ಚೈನಿನ ರೇಟಿಗೆ ಸಮ ಮಾಡಿದ ಸಾಮಾನುಗಳಿಗೆ ಕಪಾಟಿನಲ್ಲೇ ಚೀಟಿ ಹಾಕುತ್ತದೆ. ಯಾರೂ ಯಾರನ್ನೂ ಕೇಳಬೇಕಿಲ್ಲ. ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ. 2024ರಲ್ಲಿ ಬಿಬಿಸಿ ಹೋಲಿಸಿ ನೋಡಿದಾಗ, ಹೀಗೆ ಸಮ ಮಾಡಿದ ಚಿಕನ್ ನಗೆಟ್ಸ್‌ನಲ್ಲಿ ಆಲ್ಡಿಯದ್ದರಲ್ಲಿ ಶೇ 60ರಷ್ಟು ಕೋಳಿ ಮಾಂಸ ಇದ್ದರೆ ಟೆಸ್ಕೊದ್ದರಲ್ಲಿ ಶೇ 39 ಇತ್ತು. ರೇಟು ಸಮವಾಯಿತು, ಒಳಗಿನ ಮಾಲು ಸಮವಾಗಲಿಲ್ಲ. ಚೀಟಿ ಓದಿದ ಮೇಲೆ ಪೊಟ್ಟಣದ ಹಿಂಭಾಗವನ್ನೂ ಓದಬೇಕು.

ಸದಸ್ಯರಾದವರಿಗೆ ಮಾರುವ ಅಮೆರಿಕದ ಕಾಸ್ಟ್‌ಕೊ ಚೈನ್ ಬೇರೆಯವರ ರೇಟಿಗೆ ಮ್ಯಾಚ್ ಮಾಡುವುದೇ ಇಲ್ಲ, ಅದನ್ನು ನೇರವಾಗಿ ಹೇಳುತ್ತದೆ. ತಾನೇ 30 ದಿನದೊಳಗೆ ರೇಟು ಇಳಿಸಿದರೆ ವ್ಯತ್ಯಾಸ ವಾಪಸ್ ಕೊಡುತ್ತದೆ. ಹತ್ತು ಷರತ್ತಿನ ಭರವಸೆಗಿಂತ ಇಂಥ ನೇರ ಮಾತು ನನಗೆ ಮೇಲು ಅನ್ನಿಸುತ್ತದೆ. ಅದರಲ್ಲೂ ಒಂದು ಕೊರತೆ ಇದೆ, ವಾಪಸ್ ಬೇಕಾದರೆ ನೀವೇ ಕೇಳಬೇಕು. ಸದಸ್ಯರ ನಂಬರು, ಕೊಂಡ ತಾರೀಕು, ಕೊಟ್ಟ ದುಡ್ಡು ಎಲ್ಲ ಇಂಥ ಕಂಪನಿಗಳ ಕಂಪ್ಯೂಟರಿನಲ್ಲೇ ಇರುತ್ತದೆ. ಹೊಸ ಆಫರ್ ಬಂತು ಅಂತ ಹೊತ್ತಲ್ಲದ ಹೊತ್ತಿನಲ್ಲಿ ಮೆಸೇಜ್ ಕಳಿಸಲು ಗೊತ್ತಿರುವವರಿಗೆ, ‘ನೀವು ಕೊಂಡದ್ದರ ರೇಟು ಇಳಿದಿದೆ, ಇಗೋ ನಿಮ್ಮ ದುಡ್ಡು’ ಅಂತ ಕಳಿಸಲು ಗೊತ್ತಿಲ್ಲವಾ?

ಅಲ್ಲಿಯವರೆಗೆ ಕೇಳುವವರು ಕೇಳಿಯೇ ತೀರಬೇಕು. ದೊಡ್ಡ ಮೊತ್ತದ ಸಾಮಾನಾದರೆ ಸಂಕೋಚ ಬಿಡಿ, ಸಣ್ಣಪುಟ್ಟದ್ದಕ್ಕೆ ನಿಮ್ಮ ಸಮಯದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ್ಕ್ರೀನ್‌ಶಾಟಿಗಿಂತ ಆ ಕ್ಷಣದಲ್ಲೇ ತೆರೆದ ವೆಬ್‌ಪುಟ ತೋರಿಸುವುದು ಒಳ್ಳೆಯದು. ಬಿಲ್ ಎಸೆಯಬೇಡಿ. ಜನಜಂಗುಳಿಯ ಹೊತ್ತಿನಲ್ಲಿ ಹೋಗಬೇಡಿ. ಕೌಂಟರಿನವರ ಮೇಲೆ ರೇಗಬೇಡಿ, ದೂರಿದ್ದರೆ ಕಂಪನಿಗೆ ಬರೆಯಿರಿ. ದೊಡ್ಡ ಆಫರ್ ಸೀಸನ್‌ಗಳಲ್ಲಿ, ಅಮೆರಿಕದ ಬ್ಲ್ಯಾಕ್ ಫ್ರೈಡೇಯಂಥ ದಿನಗಳಲ್ಲಿ, ಹಲವು ಚೈನ್‌ಗಳು ಈ ಸೌಲಭ್ಯವನ್ನೇ ತಡೆಹಿಡಿಯುತ್ತವೆ. ಎಲ್ಲಿ ಹೆಚ್ಚು ಬೇಕೋ ಅಲ್ಲೇ ಇರುವುದಿಲ್ಲ!

ಸಂಪಾದಕರೇ, ನಿಮಗೂ ಒಂದು ಕೋರಿಕೆ ಇದೆ. ‘ಅತಿ ಕಡಿಮೆ ಬೆಲೆ, ಇಲ್ಲದಿದ್ದರೆ ವ್ಯತ್ಯಾಸ ವಾಪಸ್’ ಅನ್ನುವ ಜಾಹೀರಾತು ಪತ್ರಿಕೆಗಳಲ್ಲಿ ಅರ್ಧ ಪುಟ ತುಂಬುತ್ತದೆ. ಪಕ್ಕದಲ್ಲಿ ಒಂದು ನಕ್ಷತ್ರ, ಆ ನಕ್ಷತ್ರಕ್ಕೆ ಸಂಬಂಧಪಟ್ಟ ಸಾಲು ಪುಟದ ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣದಾಗಿ. ಯಾವ ಸಾಮಾನಿಗೆ ಅನ್ವಯ, ಯಾವ ಅಂಗಡಿಗಳ ಜೊತೆ ಹೋಲಿಕೆ, ಎಷ್ಟು ದಿನದೊಳಗೆ ಕೇಳಬೇಕು, ಈ ಮೂರನ್ನಾದರೂ ಓದಲು ಬರುವ ಅಕ್ಷರದಲ್ಲಿ ಹಾಕಿ ಅಂತ ಜಾಹೀರಾತು ಕೊಡುವವರಿಗೆ ನಿಮ್ಮ ಜಾಹೀರಾತು ವಿಭಾಗ ಹೇಳಬಹುದಲ್ಲ? ಹೇಳಿದರೆ ಅವರು ಏನು ಉತ್ತರ ಕೊಟ್ಟರು ಅನ್ನುವುದನ್ನೂ ಇದೇ ಅಂಕಣದಲ್ಲಿ ಪ್ರಕಟಿಸಿ.

ಇಂತಿ,
ನಿಮ್ಮ ಓದುಗ