ಗ್ರಾಫೀನ್ ಸುರಿದರೆ ಸಾಲದು, ಹರಡಬೇಕು

ಮಾನ್ಯರೇ,

ಚಿಟಿಕೆ ಗ್ರಾಫೀನ್ ಬೆರೆಸಿದರೆ ಪ್ಲಾಸ್ಟಿಕ್ ಉಕ್ಕಿನಂತಾಗುತ್ತದೆ ಎಂಬ ಮಾತು ಈಗ ನಮ್ಮ ವಸಂತನರಸಾಪುರಕ್ಕೂ ಬಂದಿದೆ. ನಾನಿಲ್ಲಿ ಪೈಪ್ ಘಟಕವೊಂದರಲ್ಲಿ ಎಕ್ಸ್‌ಟ್ರೂಡರ್ (ಪ್ಲಾಸ್ಟಿಕ್ ಕರಗಿಸಿ ಪೈಪಾಗಿ ಒತ್ತಿ ಹೊರತರುವ ಯಂತ್ರ) ನೋಡಿಕೊಳ್ಳುತ್ತೇನೆ. ‘ಇದು ಗ್ರಾಫೀನ್, ಸುಮ್ನೆ ಹಾಪರ್‌ಗೆ ಸುರಿಯಿರಿ’ ಎಂದು ವ್ಯಾಪಾರಿಯೊಬ್ಬರು ಕಪ್ಪು ಪುಡಿ ಕೊಟ್ಟರು. ಹಾಪರ್ ಅಂದರೆ ಯಂತ್ರಕ್ಕೆ ಪ್ಲಾಸ್ಟಿಕ್ ಕಾಳು ಸುರಿಯುವ ಬಾಯಿ. ಪೈಪ್ ಬಗ್ಗಿಸಿದರೆ ಪಟ್ಟನೆ ಮುರಿಯಿತು. ಮುರಿದ ಜಾಗದ ತುಂಬ ಕಪ್ಪು ಗಂಟುಗಳು!

ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಅಂಟು ಟೇಪಿನಿಂದ ಗ್ರ್ಯಾಫೈಟ್ ಸುಲಿದು ಅದನ್ನು ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಬಂತು. ಒಂದು ಗ್ರಾಂ ಹಾಳೆಗಳ ಮೇಲ್ಮೈ ಲೆಕ್ಕದಲ್ಲಿ ಸುಮಾರು 2,600 ಚದರ ಮೀಟರ್. ಇಷ್ಟು ಮೈ ಇದ್ದರೆ ಒಂದಕ್ಕೊಂದು ಅಂಟದೆ ಇರುತ್ತವಾ? ಕುದಿನೀರಿಗೆ ರಾಗಿಹಿಟ್ಟು ಒಮ್ಮೆಲೇ ಸುರಿದ ಹಾಗೆ ಗಂಟಾಗುತ್ತವೆ. ಬಿರುಕು ಹುಟ್ಟುವುದೇ ಆ ಗಂಟಿನ ಬಳಿ.

ಗಂಟಾಗದಂತೆ ಹರಡಲು, ಮೊದಲು ಸ್ವಲ್ಪ ಪ್ಲಾಸ್ಟಿಕ್‌ನಲ್ಲಿ ಹೆಚ್ಚು ಗ್ರಾಫೀನ್ ಬೆರೆಸಿ ಮಾಸ್ಟರ್‌ಬ್ಯಾಚ್ ಎಂಬ ಗಟ್ಟಿ ಮಿಶ್ರಣ ಮಾಡಿ, ಆಮೇಲೆ ಅವಳಿ ಸ್ಕ್ರೂ ಯಂತ್ರದಲ್ಲಿ ಬೆರೆಸುವುದು ಒಂದು ದಾರಿ. ದ್ರಾವಣದಲ್ಲಿ ಅಲ್ಟ್ರಾಸೌಂಡ್ ಕೊಟ್ಟೂ ಬಿಡಿಸುತ್ತಾರೆ, ಆದರೆ ಹೊತ್ತು ಜಾಸ್ತಿಯಾದರೆ ಹಾಳೆಗಳೇ ಚೂರಾಗುತ್ತವೆ. ಆಮ್ಲಜನಕ ಸೇರಿದ ಗ್ರಾಫೀನ್, ಅಂದರೆ ಆಕ್ಸೈಡ್ ರೂಪ, ನೀರಿನಲ್ಲಿ ಸಲೀಸಾಗಿ ಹರಡುತ್ತದೆ. ವಿದ್ಯುತ್ ಹರಿಸುವ ಗುಣ ಮಾತ್ರ ಬಹುಪಾಲು ಹೋಗಿರುತ್ತದೆ. ಇದನ್ನೆಲ್ಲ ಮಾರುವವರು ಹೇಳಬೇಕಿತ್ತು, ಅಲ್ವಾ?

ಪದರ ಎಷ್ಟು, ಚಕ್ಕೆಯ ಅಗಲ ಎಷ್ಟು ಎಂದು ಚೀಲದ ಮೇಲೆ ಬರೆಯುವುದು ಕಡ್ಡಾಯವಾಗಲಿ. ಪರೀಕ್ಷಿಸಲು ನಮಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಎಲ್ಲಿಂದ ಬರಬೇಕು? ಅಂಥ ಲ್ಯಾಬ್ ಇರುವ ಕಾಲೇಜುಗಳು ಶುಲ್ಕ ಪಡೆದೇ ಆಗಲಿ, ತಿಂಗಳಿಗೊಂದು ದಿನ ಸಣ್ಣ ಕಾರ್ಖಾನೆಯವರಿಗೂ ಬಾಗಿಲು ತೆರೆಯಲಿ.

– ಪೈಪ್ ಘಟಕದ ಮೇಲ್ವಿಚಾರಕ, ವಸಂತನರಸಾಪುರ, ತುಮಕೂರು