ಫಾರ್ಮ್ಯಾಟ್ ಹೊಡೆಯೋ ಮುಂಚೆ ಡಿಸ್ಕ್ ನೋಡಿ

ಮಾನ್ಯ ಸಂಪಾದಕರೇ,

ಗಂಗಾವತಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು, ರೈಸ್ ಮಿಲ್ಲುಗಳ ಬಿಲ್ ಬುಕ್ಕು, ಇಂಥದ್ದೇ ಕೆಲಸ. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಆದರೂ ದಿನಾ ಅದರ ಮುಂದೆಯೇ ಕೂತಿರುತ್ತೀನಲ್ಲ, ಗೊತ್ತಿದ್ದವರೆಲ್ಲ ಕೆಟ್ಟ ಸಿಸ್ಟಮ್ ತಂದು ನನ್ನ ಟೇಬಲ್ ಮೇಲೇ ಇಡುತ್ತಾರೆ. ಹಾಗೆ ಬಂದವುಗಳನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಕೊಪ್ಪಳ ಇರಲಿ, ರಾಯಚೂರು ಇರಲಿ, ಬಳ್ಳಾರಿ ಇರಲಿ, ಕಂಪ್ಯೂಟರ್ ಸ್ಲೋ ಆಯ್ತು ಅಂದ್ರೆ ನಮ್ಮ ಕಡೆ ಅಂಗಡಿಗಳಲ್ಲಿ ಒಂದೇ ಮಾತು: ‘ಫಾರ್ಮ್ಯಾಟ್ ಹೊಡಿಯೋಣ ಸರ್, ಹೊಸದರಂಗ ಆಗ್ತೈತಿ.’ ಅಂದರೆ ಡಿಸ್ಕ್‌ನಲ್ಲಿದ್ದದ್ದನ್ನ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು. ಒಳಗಿರೋ ಹಾರ್ಡ್ ಡಿಸ್ಕ್ ನೆಟ್ಟಗಿದೆಯಾ ಅಂತ ಮೊದಲು ನೋಡುವವರು ಕಡಿಮೆ.

ನಮಗೆ ಪರಿಚಯದ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಸುತ್ತಮುತ್ತಲ ಹಳ್ಳಿಗಳ ಹಂತಿ ಹಾಡು, ಬೀಸುವ ಪದ ಎಲ್ಲ ಕೇಳಿ ಬರೆದುಕೊಂಡು, ನುಡಿ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಬೆರಳಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಸಿಸ್ಟಮ್ ಆಗಾಗ ನಿಂತು ಹೋಗುತ್ತಿತ್ತು, ಫೋಲ್ಡರ್ ತೆರೆದರೆ ಎರಡು ಮೂರು ನಿಮಿಷ ಸುಮ್ನೆ ಕೂತುಬಿಡುತ್ತಿತ್ತು. ಅಂಗಡಿಗೆ ಕೊಟ್ಟರು. ಅಲ್ಲಿ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಕೊಟ್ಟರು. ಸ್ವಲ್ಪ ದಿನ ಚೆನ್ನಾಗಿ ಓಡಿತು, ಆಮೇಲೆ ಮತ್ತೆ ಅದೇ ಕಥೆ. ನನ್ನ ಹತ್ತಿರ ಬಂದಾಗ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ತೋರಿಸಿದೆ. ಅದು ಡಿಸ್ಕ್‌ನ ಆರೋಗ್ಯ ತೋರಿಸೋ ಪುಕ್ಕಟೆ ಸಾಫ್ಟ್‌ವೇರ್. ಮೇಲೆ ಹಳದಿ ಬಣ್ಣದಲ್ಲಿ ‘ಕಾಷನ್’, ಅಂದರೆ ಎಚ್ಚರಿಕೆ, ಅಂತ ಬಂತು. ಅದನ್ನ ಮೊದಲೇ ನೋಡಿದ್ದರೆ ಹಾಡುಗಳನ್ನ ಕಾಪಿ ತೆಗೆದು, ಡಿಸ್ಕ್ ಬದಲಾಯಿಸಿ, ಮುಗಿದು ಹೋಗೋ ಕೆಲಸ. ಈಗ ರಿಕವರಿ ಸಾಫ್ಟ್‌ವೇರ್ ಹಾಕಿ ಹುಡುಕಿದ್ದಕ್ಕೆ ಒಂದಿಷ್ಟು ಫೈಲ್ ಸಿಕ್ಕವು, ಅವುಗಳಲ್ಲೂ ಕೆಲವು ತೆರೆಯಲೇ ಇಲ್ಲ. ಹಾಡಿದ ಅಜ್ಜಿಯರಲ್ಲಿ ಎಷ್ಟೋ ಜನ ಈಗ ಇಲ್ಲ ಅಂತ ಮೇಷ್ಟ್ರು ಹೇಳಿದಾಗ ನನಗೆ ಮಾತು ಹೊರಡಲಿಲ್ಲ.

ಫಾರ್ಮ್ಯಾಟ್ ಮಾಡಿದರೆ ಸ್ವಲ್ಪ ದಿನ ಯಾಕೆ ಚೆನ್ನಾಗಿ ಓಡುತ್ತೆ ಅನ್ನೋದನ್ನ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಅಂಗಡಿಯವರೂ ಗಿರಾಕಿಯೂ ಮೋಸ ಹೋಗೋದು ಇಲ್ಲೇ. ಡಿಸ್ಕ್‌ನಲ್ಲಿ ಸೆಕ್ಟರ್ ಅನ್ನೋ ಸಣ್ಣ ಸಣ್ಣ ಜಾಗಗಳಿರುತ್ತವೆ. ಒಂದು ಸೆಕ್ಟರ್ ಓದೋಕೆ ಬರದೇ ಹೋದರೆ ಡಿಸ್ಕ್ ಅದನ್ನ ‘ಪೆಂಡಿಂಗ್’ ಅಂತ ಗುರುತು ಹಾಕಿಕೊಳ್ಳುತ್ತೆ. ಅಲ್ಲಿ ಮತ್ತೆ ಹೊಸದಾಗಿ ಬರೆದಾಗ, ಆ ಜಾಗ ನಿಜವಾಗಲೂ ಕೆಟ್ಟಿದ್ದರೆ, ಅದನ್ನ ಬಿಟ್ಟು ಮೀಸಲಿಟ್ಟ ಬೇರೆ ಜಾಗಕ್ಕೆ ವರ್ಗ ಮಾಡುತ್ತೆ. ಪೂರ್ತಿ ಫಾರ್ಮ್ಯಾಟ್ ಮಾಡಿದಾಗ ಎಲ್ಲ ಕಡೆ ಸೊನ್ನೆ ಬರೆಯುತ್ತಲ್ಲ, ಪೆಂಡಿಂಗ್ ಲೆಕ್ಕ ಸೊನ್ನೆಗೆ ಇಳಿಯುತ್ತೆ, ಸಿಸ್ಟಮ್ ಜೋರಾಗಿ ಓಡುತ್ತೆ. ಡಿಸ್ಕ್ ಮಾತ್ರ ಹಾಳಾಗುತ್ತಲೇ ಇರುತ್ತೆ. ಕ್ವಿಕ್ ಫಾರ್ಮ್ಯಾಟ್ ಆದರಂತೂ ಇಷ್ಟೂ ಆಗಲ್ಲ. ಫೈಲ್‌ಗಳ ಹಳೇ ಪಟ್ಟಿ ಅಳಿಸಿ ಹೊಸ ಪಟ್ಟಿ ಇಡುತ್ತೆ ಅಷ್ಟೇ.

ಡಿಸ್ಕ್ ತನ್ನ ಲೆಕ್ಕವನ್ನ ತಾನೇ ಬರೆದಿಟ್ಟುಕೊಳ್ಳುತ್ತೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮ್ಯಾಕ್ ಇರಲಿ, ಲೆಕ್ಕ ಡಿಸ್ಕ್ ಒಳಗೇ ಇರೋದು, ತೋರಿಸೋ ರೀತಿ ಮಾತ್ರ ಬೇರೆ. ಗೊಂದಲ ಆಗೋದು ಅದರಿಂದಲೇ. ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ ಪೆಂಡಿಂಗ್ ಸೆಕ್ಟರ್ ‘ಸಿ5’ ಅಂತ ಇರುತ್ತೆ, ಲಿನಕ್ಸ್‌ನಲ್ಲಿ ಅದೇ ಸಾಲು ‘197’. ಎರಡೂ ಒಂದೇ. ಓದೋಕೇ ಆಗದ ಸೆಕ್ಟರ್‌ಗಳ ಲೆಕ್ಕ ಇಲ್ಲಿ ‘ಸಿ6’, ಅಲ್ಲಿ ‘198’. ವರ್ಗವಾದ ಸೆಕ್ಟರ್ ಎರಡೂ ಕಡೆ ‘5’. ಇನ್ನೊಂದು, ಕ್ರಿಸ್ಟಲ್ ಡಿಸ್ಕ್ ಇನ್ಫೋ ಕೊನೆಯ ಕಾಲಮ್ಮಿನ ಅಂಕಿಯನ್ನ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ತೋರಿಸುತ್ತೆ. ಅಲ್ಲಿ 18 ಅಂತ ಇದ್ದರೆ ಅದು ಹದಿನೆಂಟಲ್ಲ, 24. ಸೆಟ್ಟಿಂಗ್‌ನಲ್ಲಿ ನಮ್ಮ ಮಾಮೂಲಿ ಅಂಕಿಗೆ ಬದಲಾಯಿಸಿಕೊಳ್ಳಬಹುದು. ಈ ಮೂರು ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಮೊದಲು ಕಾಪಿ ತೆಗೀರಿ. ವಾರದಿಂದ ವಾರಕ್ಕೆ ಅಂಕಿ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಭರವಸೆ ಬಿಡಿ.

ಒಂದು ಸಾಲು ಮಾತ್ರ ಬೇರೆ ಥರ. ‘ಸಿ7’, ಅಂದರೆ 199, ಡೇಟಾ ಸಾಗಿಸುವಾಗ ಆದ ತಪ್ಪುಗಳ ಲೆಕ್ಕ. ಇದು ಏರುತ್ತಿದ್ದರೆ ತಪ್ಪು ಬಹಳ ಸಲ ಕೇಬಲ್‌ದು, ಡಿಸ್ಕ್‌ದಲ್ಲ. ಡಿಸ್ಕನ್ನ ಬೋರ್ಡಿಗೆ ಜೋಡಿಸೋ ಸಾಟಾ ಕೇಬಲ್ ಬದಲಾಯಿಸಿ ನೋಡಿ. ಹಳೇ ಅಂಕಿ ಸೊನ್ನೆಗೆ ಬರಲ್ಲ, ಆದರೆ ಮುಂದೆ ಏರದೇ ನಿಂತರೆ ಸಾಕು. ಸಣ್ಣ ಕೇಬಲ್‌ಗೋಸ್ಕರ ಒಳ್ಳೇ ಡಿಸ್ಕ್ ಎಸೆದವರನ್ನೂ ನೋಡಿದ್ದೇನೆ.

ಸುಮ್ನೆ ‘ಓಕೆ’ ಅಂತ ಬಂದಿದ್ದನ್ನ ನಂಬಬೇಡಿ. ವಿಂಡೋಸ್‌ನಲ್ಲಿ ಕಮಾಂಡ್ ಹಾಕಿ ಡಿಸ್ಕ್ ಸ್ಟೇಟಸ್ ಕೇಳಿದರೆ ‘ಓಕೆ’ ಅನ್ನುತ್ತೆ, ಮ್ಯಾಕ್‌ನ ಡಿಸ್ಕ್ ಯುಟಿಲಿಟಿ ‘ವೆರಿಫೈಡ್’ ಅನ್ನುತ್ತೆ. ಡಿಸ್ಕ್ ಕಂಪನಿ ಹಾಕಿರೋ ಗಡಿ ಇನ್ನೂ ದಾಟಿಲ್ಲ ಅಂತ ಅಷ್ಟೇ ಅದರ ಅರ್ಥ. ಆ ಗಡಿ ಎಷ್ಟು ಸಡಿಲ ಅಂದ್ರೆ ಪೆಂಡಿಂಗ್ ಸೆಕ್ಟರ್ ತುಂಬಾ ಇದ್ದ ಡಿಸ್ಕೂ ‘ಓಕೆ’ ಅಂತಲೇ ಬಂದಿದ್ದು ನನ್ನ ಕಣ್ಣೆದುರಿಗೇ ಇದೆ. ಯುಎಸ್‌ಬಿಯಲ್ಲಿ ಸಿಕ್ಕಿಸೋ ಎಕ್ಸ್‌ಟರ್ನಲ್ ಡಿಸ್ಕ್‌ಗಳ ಲೆಕ್ಕವನ್ನ ಮ್ಯಾಕ್ ಸಾಮಾನ್ಯವಾಗಿ ತೋರಿಸೋದೇ ಇಲ್ಲ. ನಮ್ಮ ಫೋಟೋ ಸ್ಟುಡಿಯೋದವರು ಮದುವೆ ಫೋಟೋ ಎಲ್ಲ ಇಡೋದು ಅಂಥ ಡಿಸ್ಕ್‌ಗಳಲ್ಲೇ ಅಲ್ವಾ? ಈ ಲೆಕ್ಕ ಓದೋಕೆ ಸ್ಮಾರ್ಟ್‌ಮಾನ್‌ಟೂಲ್ಸ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತೆ. ಕಲಿಯೋ ಹುಡುಗರು ಅದೊಂದನ್ನ ಕಲಿತರೆ ಮೂರು ಕಡೆಗೂ ಆಯ್ತು.

ನನಗೆ ತುಂಬಾ ಉಪಯೋಗಕ್ಕೆ ಬಂದ ದಾರಿ ಲಿನಕ್ಸ್ ಪೆನ್ ಡ್ರೈವ್. ಉಬುಂಟು ಅಥವಾ ಮಿಂಟ್ (ಎರಡೂ ಲಿನಕ್ಸ್‌ನ ಬಗೆಗಳು) ಹಾಕಿದ ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೇ ಹಾಗೇ ಬಳಸಿ; ಉಬುಂಟುನಲ್ಲಾದರೆ ‘ಟ್ರೈ’ ಅಂತ ಒತ್ತಿ. ಡಿಸ್ಕ್ಸ್ ಅನ್ನೋ ಆ್ಯಪ್ ಅದರಲ್ಲೇ ಇರುತ್ತೆ, ಸ್ಮಾರ್ಟ್ ಲೆಕ್ಕ ಪೂರ್ತಿ ತೋರಿಸುತ್ತೆ, ಚಿಕ್ಕ ಟೆಸ್ಟ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತೆ. ವಿಂಡೋಸ್ ಕೆಟ್ಟಿದೆಯೋ ಡಿಸ್ಕ್ ಕೆಟ್ಟಿದೆಯೋ ಅನ್ನೋ ಜಗಳ ಇಲ್ಲೇ ತೀರುತ್ತೆ. ಲಿನಕ್ಸ್‌ನಲ್ಲೂ ಅದೇ ಫೋಲ್ಡರ್ ತೆರೆಯುವಾಗ ನಿಂತು, ಐಓ ಎರರ್ (ಓದೋ-ಬರೆಯೋ ತಪ್ಪು) ಅಂತ ಸೆಕ್ಟರ್ ನಂಬರ್ ಸಮೇತ ಬಂದರೆ, ಹತ್ತು ಸಲ ವಿಂಡೋಸ್ ಹಾಕಿದರೂ ಪ್ರಯೋಜನ ಇಲ್ಲ. ವಿಂಡೋಸ್ ಒಳಗೇ ನೋಡಬೇಕಂದ್ರೆ ಆದದ್ದನ್ನೆಲ್ಲ ಬರೆದಿಡೋ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ‘ಡಿಸ್ಕ್’ ಹೆಸರಿನ 7ನೇ ನಂಬರಿನ ಎರರ್ ಹುಡುಕಿ, ಬ್ಯಾಡ್ ಬ್ಲಾಕ್ ಇದೆ ಅಂತ ಅದೇ ಬಾಯಿಬಿಟ್ಟು ಹೇಳಿರುತ್ತೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನೋ ವಿಂಡೋಸ್‌ನ ಬೀಗ ಬಿದ್ದಿರಬಹುದು. 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕಿ.

ಡಿಸ್ಕ್ ಹೋಗ್ತಿದೆ ಅಂತ ಗೊತ್ತಾದ ಮೇಲೆ ಜನ ಮಾಡೋ ಕೆಲಸ ವಿಂಡೋಸ್‌ನ ಡಿಸ್ಕ್ ರಿಪೇರಿ ಕಮಾಂಡ್ ಚೆಕ್‌ಡಿಸ್ಕ್ ಹಾಕೋದು. ದಯವಿಟ್ಟು ಬೇಡ. ‘/ಆರ್’ ಸೇರಿಸಿ ಹಾಕಿದರೆ ಇಡೀ ಡಿಸ್ಕನ್ನ ಉಜ್ಜಿ ಓದಿಸುತ್ತೆ, ಫೈಲ್‌ಗಳ ಪಟ್ಟಿಯನ್ನೂ ತಿದ್ದುತ್ತೆ. ಮೊದಲು ಬೇಕಾದ ಫೋಲ್ಡರ್ ಕಾಪಿ ಆಗಲಿ. ಕಾಪಿ ಮಧ್ಯದಲ್ಲೇ ನಿಲ್ಲುತ್ತಿದ್ದರೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನೋ ಕಾಪಿ ಸಾಫ್ಟ್‌ವೇರ್ ಬಳಸಿ. ಅದು ಸುಲಭವಾಗಿ ಓದೋಕೆ ಬರೋ ಜಾಗ ಮೊದಲು ಬಾಚಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತೆ. ಎಲ್ಲಿವರೆಗೆ ಓದಿದೆ ಅಂತ ಅದು ಬರೆದಿಡೋ ಮ್ಯಾಪ್ ಫೈಲನ್ನ ಬೇರೆ ಪೆನ್ ಡ್ರೈವ್‌ನಲ್ಲಿ ಉಳಿಸಿಟ್ಟರೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು, ನಮ್ಮ ಕಡೆ ಇದು ಎಂಥ ಅನುಕೂಲ ಅಂತ ಹೇಳಬೇಕಾಗಿಲ್ಲ. ಡಿಸ್ಕ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದ್ದರೆ ಮಾತ್ರ ಇದ್ಯಾವುದೂ ಬೇಡ. ಕೂಡಲೇ ಆಫ್ ಮಾಡಿ ಡೇಟಾ ರಿಕವರಿಯವರಿಗೆ ಕೊಡಿ. ಬಿಚ್ಚಿ ನೋಡೋದು, ಫ್ರಿಜ್‌ನಲ್ಲಿ ಇಡೋದು ಎಲ್ಲ ಇದ್ದ ಆಸೆಯನ್ನೂ ಕಳೆಯುತ್ತೆ.

ನಮ್ಮ ಬಿಸಿಲನ್ನ ಬೈಯೋದು ರೂಢಿ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕ್‌ಗಳ ಲೆಕ್ಕ ಹೊರಹಾಕಿತ್ತು. ಬಿಸಿಗೂ ಡಿಸ್ಕ್ ಕೆಡೋದಕ್ಕೂ ಎಲ್ಲರೂ ಅಂದುಕೊಂಡಷ್ಟು ಸಂಬಂಧ ಅದರಲ್ಲಿ ಕಾಣಲಿಲ್ಲ, ತೀರಾ ಜಾಸ್ತಿ ಬಿಸಿಯಾದಾಗ ಮಾತ್ರ ಸ್ವಲ್ಪ ಕಂಡಿತು. ಡಿಸ್ಕ್ ತನ್ನನ್ನ ತಾನೇ ಪರೀಕ್ಷಿಸುವಾಗ ಮೊದಲ ಸ್ಕ್ಯಾನ್ ಎರರ್ ಬಂದ ಮೇಲೆ 60 ದಿನದೊಳಗೆ ಕೆಡುವ ಸಂಭವ 39 ಪಟ್ಟು ಜಾಸ್ತಿ ಅನ್ನೋದು ಅದರಲ್ಲೇ ಇದೆ. ಹಾಗೆಯೇ ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೇ ಹೋಗಿದ್ದವು. ಆದ್ದರಿಂದ ಸ್ಮಾರ್ಟ್ ಲೆಕ್ಕ ಕ್ಲೀನ್ ಇದೆ ಅಂತ ಬ್ಯಾಕಪ್ ಬಿಡೋ ಹಾಗಿಲ್ಲ. ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ, ಚಿಪ್‌ನ ಡಿಸ್ಕ್) ಹಾಕಿಸಿಕೊಂಡವರಿಗಂತೂ ಇದು ಇನ್ನೂ ಮುಖ್ಯ, ಅವು ಸದ್ದಿಲ್ಲದೇ ಒಂದೇ ಸಲ ಹೋಗಿಬಿಡಬಹುದು.

ಸಂಪಾದಕರೇ, ನಿಮ್ಮ ಪತ್ರಿಕೆಯ ಮೂಲಕ ನಮ್ಮ ಮೂರು ಜಿಲ್ಲೆಗಳ ಕಂಪ್ಯೂಟರ್ ಅಂಗಡಿಯವರಲ್ಲಿ ಒಂದು ಕೋರಿಕೆ. ಸಿಸ್ಟಮ್ ರಿಪೇರಿಗೆ ತಗೊಂಡಾಗ 5, 197, 198, ಈ ಮೂರು ಅಂಕಿಗಳನ್ನ ರಸೀದಿ ಮೇಲೆ ಬರೆದು, ಗಿರಾಕಿಗೆ ತೋರಿಸಿ, ಆಮೇಲೆ ಫಾರ್ಮ್ಯಾಟ್ ಮಾಡಿ. ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಮಾರುವಾಗಲೂ ಹೀಗೇ ಮಾಡಿ. ಐಟಿಐ, ಡಿಪ್ಲೊಮಾ, ಬಿಸಿಎ ಕಾಲೇಜುಗಳ ಲ್ಯಾಬ್‌ಗಳಲ್ಲಿ ಹಳೇ ಡಿಸ್ಕ್‌ಗಳು ಮೂಲೆಗೆ ಬಿದ್ದಿರುತ್ತವೆ, ಉಪನ್ಯಾಸಕರು ಅವನ್ನೇ ಹುಡುಗರ ಕೈಗೆ ಕೊಟ್ಟು ಸ್ಮಾರ್ಟ್ ಲೆಕ್ಕ ಓದಿಸಲಿ. ಗಿರಾಕಿಗಳೂ ಅಷ್ಟೇ, ಫಾರ್ಮ್ಯಾಟ್‌ಗೆ ಹೂಂ ಅನ್ನೋ ಮುಂಚೆ ‘ಡಿಸ್ಕ್ ನೋಡಿದ್ರಾ ಅಣ್ಣಾ, ಸ್ಕ್ರೀನ್ ತೋರಿಸ್ರಿ’ ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ.

— ಡಿಟಿಪಿ ಅಂಗಡಿಯವ, ಗಂಗಾವತಿ, ಕೊಪ್ಪಳ ಜಿಲ್ಲೆ