18 ಅಡಿ ರಸ್ತೆ, 9 ತೇಪೆ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಪ್ರದರ್ಶನ ಮುಗಿಯಿತು. ಹಾಸನದಲ್ಲಿ, ನಮ್ಮ ಕಾಲೇಜಿನ ಹಾಲ್‌ನಲ್ಲಿ ಮೂರು ದಿನ ನನ್ನ ಬಟ್ಟೆ ಗೋಡೆಯ ಮೇಲಿತ್ತು. ಬಂದು ನೋಡಿದವರಿಗೆ, ಬರೋಕಾಗದೆ ಫೋನ್ ಮಾಡಿದವರಿಗೆ ಒಂದೇ ಮಾತಿನಲ್ಲಿ ಥ್ಯಾಂಕ್ಸ್ ಹೇಳಿ ಮುಗಿಸೋಣ ಅಂದುಕೊಂಡು ಕೂತೆ. ಆಗಲಿಲ್ಲ. ಯಾರು ಏನು ಕೊಟ್ಟರು ಅಂತ ಹೇಳದೆ ಹೋದರೆ ಆ ಬಟ್ಟೆಯ ಬಗ್ಗೆ ಅರ್ಧ ಹೇಳಿದ ಹಾಗೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೋಡದೆ ಇರುವವರಿಗೆ ಮೊದಲು ಬಟ್ಟೆಯ ವಿಷಯ ಹೇಳುತ್ತೇನೆ. 18 ಅಡಿ ಉದ್ದ, 3 ಅಡಿ ಅಗಲದ ಹತ್ತಿ ಬಟ್ಟೆ ಅದು. ನಮ್ಮೂರಿಂದ ಹಾಸನಕ್ಕೆ 18 ಕಿಲೋಮೀಟರ್. ಒಂದು ಕಿಲೋಮೀಟರ್‌ಗೆ ಒಂದು ಅಡಿ. ನಡುವೆ ಕಪ್ಪಗೆ ಹೋಗುವುದು ರಸ್ತೆ. ಅದು ಸೈಕಲ್ ಚೈನಿನ ಅಚ್ಚು. ಎರಡೂ ಕಡೆ ಹೊಲ, ಕೆರೆ, ತೆಂಗಿನ ತೋಟ. ಇವೆಲ್ಲ ಕೈಹೊಲಿಗೆ, ಜೊತೆಗೆ ಆಲೂಗಡ್ಡೆ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದ ಅಚ್ಚು. ಸೈಕಲ್ ಮೇಲೆ ಕೂತಾಗ ಕಾಣುವಷ್ಟೇ ಅದರಲ್ಲಿದೆ.

ಆ ಸೈಕಲ್ ನನಗೆ 8ನೇ ಕ್ಲಾಸಿನಲ್ಲಿ ಸರ್ಕಾರಿ ಶಾಲೆಯಲ್ಲಿ ಸಿಕ್ಕಿದ್ದು. 2006–07ರಲ್ಲಿ ಶುರುವಾದ ಯೋಜನೆಯ ಸೈಕಲ್. ನಮ್ಮೂರಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. ಸೈಕಲ್ ಇಲ್ಲದಿದ್ದರೆ ನಾನು ಓದು ಬಿಡುತ್ತಿದ್ದೆ ಅಂತ ಹೇಳಲಾರೆ, ಅಪ್ಪ ಬಿಡಿಸುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಒಬ್ಬಳೇ, ನನ್ನಷ್ಟಕ್ಕೆ ನಾನು ಹೋಗುವ ಒಂದು ರಸ್ತೆ ನನಗಿತ್ತಲ್ಲ, ಅದು ಆ ಸೈಕಲ್ ಕೊಟ್ಟಿದ್ದು. ಕಾಲೇಜಿಗೆ ಸೇರಿದ ಮೇಲೆ ಬಸ್ಸು. 2023ರ ಜೂನ್‌ನಿಂದ ನಮಗೆ ಟಿಕೆಟ್ಟಿನ ಚಿಂತೆಯೂ ಇಲ್ಲ. ಸೀಟು ಸಿಕ್ಕರೆ ಫೋನ್ ನೋಡುತ್ತಾ ಕೂರುತ್ತಿದ್ದೆ, ಹಾಸನ ಬಂದುಬಿಡುತ್ತಿತ್ತು.

ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನಮ್ಮ ಮೇಡಂ ಕೇಳಿದರು, 'ನಿನಗೆ ಚೆನ್ನಾಗಿ ಗೊತ್ತಿರೋ ಜಾಗ ಯಾವುದು?' ನಾನು ಥಟ್ಟನೆ ನಮ್ಮೂರ ರಸ್ತೆ ಅಂದೆ. 'ಹಾಗಾದ್ರೆ 7ನೇ ಕಿಲೋಮೀಟರಲ್ಲಿ ಏನಿದೆ ಹೇಳು' ಅಂದರು. ನನಗೆ ಹೇಳೋಕಾಗಲಿಲ್ಲ. ಅವರು ಬೈಯಲಿಲ್ಲ, ಸುಮ್ನೆ ನೋಡಿದರು. ಮೇಡಂ, ಆ ಪ್ರಶ್ನೆಗೆ ಮೊದಲ ಥ್ಯಾಂಕ್ಸ್. ಆ ಭಾನುವಾರವೇ ಅಟ್ಟದ ಕೆಳಗಿದ್ದ ಸೈಕಲ್ ಎಳೆದು ಒರೆಸಿದೆ.

ಜೂನ್‌ನಿಂದ ಜನವರಿವರೆಗೆ ಹೆಚ್ಚುಕಡಿಮೆ ಎಲ್ಲಾ ಭಾನುವಾರ ಹೋಗಿದ್ದೇನೆ. ಹಾಸನದ ಕಡೆಯವರಿಗೆ ಗೊತ್ತಿರುವುದೇ. ಜೂನ್‌ನಲ್ಲಿ ಆಲೂಗಡ್ಡೆ ಸಾಲು, ಹೊಸದಾಗಿ ಮಣ್ಣು ಏರಿಸಿದ್ದು. ಅದರ ಪಕ್ಕ ಶುಂಠಿ, ಮುಸುಕಿನ ಜೋಳ. ಆಮೇಲೆ ರಾಗಿ. ಸೆಪ್ಟೆಂಬರ್ ಕಳೆದರೆ ರಾಗಿಯ ನಡುವೆ ಹುಚ್ಚೆಳ್ಳು ಹೂ ಬಿಡುತ್ತೆ. ಡಿಸೆಂಬರ್ ಹೊತ್ತಿಗೆ ಅವರೆ ಸೊಗಡು, ಸೈಕಲ್ ನಿಲ್ಲಿಸದೆ ಇದ್ದರೂ ಮೂಗಿಗೆ ಬರುತ್ತೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀ ಗುಡಿ ನಮಗೆ ದಾರಿಯಲ್ಲೇ. 12ನೇ ಶತಮಾನದ ಹೊಯ್ಸಳರ ಗುಡಿ, ಒಳಗೆ ನಾಲ್ಕು ಗರ್ಭಗುಡಿ, ಪಕ್ಕದಲ್ಲಿ ಕೆರೆ. ಗುಡಿಯ ಚಿತ್ರ ಹೊಲಿಯಬೇಕು ಅಂತ ಎಲ್ಲರೂ ಹೇಳಿದರು. ನಾನು ಹೊಲಿಯಲಿಲ್ಲ. ಬಳಪದ ಕಲ್ಲಿನ ಆ ಬೂದು ಹಸಿರು ಬಣ್ಣದ ನಾಲ್ಕು ಚಿಕ್ಕ ಚೂರು ಬಟ್ಟೆ ಮಾತ್ರ ಕೆರೆಯ ಪಕ್ಕ ಕೂರಿಸಿದೆ. ಊರಿನವರು ಅದನ್ನು ನೋಡಿದ ತಕ್ಷಣ ಗುಡಿ ಅಂದರು.

ಅಕ್ಕಡಿ ಸಾಲಿನ ವಿಷಯ ನನಗೆ ಹೇಳಿಕೊಟ್ಟಿದ್ದು ಅಪ್ಪ. ರಾಗಿ ಹೊಲದಲ್ಲಿ ಇಷ್ಟು ಸಾಲಿಗೆ ಒಂದು ಸಾಲು ಅಂತ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಾರಲ್ಲ, ಅದೇ ಅಕ್ಕಡಿ. ಚಿಕ್ಕಂದಿನಿಂದ ನೋಡಿದ್ದೇ ಆದರೂ ಅದಕ್ಕೊಂದು ಲೆಕ್ಕ ಇದೆ ಅಂತ ನನಗೆ ಗೊತ್ತಿರಲಿಲ್ಲ. ಅಪ್ಪ ಒಂದು ಸಂಜೆ ಜಗಲಿ ಮೇಲೆ ಬಟ್ಟೆ ಹರಡಿಕೊಂಡು, ಕಡ್ಡಿ ಇಟ್ಟು ಸಾಲು ಎಣಿಸಿ ತೋರಿಸಿದರು. ನನ್ನ ಹೊಲಿಗೆಯೂ ಅದೇ ಲೆಕ್ಕದ್ದು. ಕಂದು ದಾರದ ಸಾಲುಗಳ ನಡುವೆ ಒಂದು ಹಳದಿ ಸಾಲು. ಆಲೂಗಡ್ಡೆ ಅಚ್ಚಿಗೆ ಮಾರಾಟವಾಗದ ಸಣ್ಣ ಗಡ್ಡೆಗಳನ್ನು ಆರಿಸಿ ಕೊಟ್ಟಿದ್ದೂ ಅಪ್ಪನೇ. ಆ ವರ್ಷ ಅಂಗಮಾರಿ ರೋಗ ಬಂದು ಬೆಳೆ ಕೈಗೆ ಸರಿಯಾಗಿ ಹತ್ತಿರಲಿಲ್ಲ. ಆದರೂ ಅಚ್ಚು ಹೊಡೆಯೋಕೆ ಗುಂಡಗಿರುವ ಗಡ್ಡೆ ಬೇಕು ಅಂತ ನಾನು ಕೇಳಿದ್ದನ್ನು ಮರೆಯಲಿಲ್ಲ. ಅಪ್ಪ, ನಿಮಗೆ ಏನು ಹೇಳಲಿ.

ಹಳದಿ ದಾರದ ಬಣ್ಣ ಚೆಂಡು ಹೂವಿನದು. ಆಯುಧಪೂಜೆಗೆ ಸೈಕಲ್‌ಗಳಿಗೆ, ಟ್ರ್ಯಾಕ್ಟರ್‌ಗಳಿಗೆ ಹಾಕಿದ ಹಾರ ಎರಡು ದಿನಕ್ಕೆ ಬಾಡಿ ಹೋಗುತ್ತೆ. ನಮ್ಮ ಬೀದಿಯ ಮಕ್ಕಳು ಅದನ್ನೆಲ್ಲ ಒಂದು ಗೋಣಿಚೀಲದಲ್ಲಿ ತುಂಬಿ ತಂದು ಕೊಟ್ಟರು. ಪಟಿಕದ ನೀರಲ್ಲಿ ನೆನೆಸಿದ ದಾರವನ್ನು ಹೂ ಕುದಿಸಿದ ನೀರಿಗೆ ಹಾಕಿದರೆ ಬರುವ ಹಳದಿ ಹುಚ್ಚೆಳ್ಳು ಹೂವಿಗೆ ತುಂಬಾ ಹತ್ತಿರ.

ಮಣ್ಣಿನ ಕೆಂಪು ಕೊಪ್ಪದಿಂದ ಬಂತು. ನಮ್ಮ ಚಿಕ್ಕಮ್ಮನ ಮನೆಯವರದು ಅಡಿಕೆ ತೋಟ. ಎಳೆ ಅಡಿಕೆ ಬೇಯಿಸಿದಾಗ ಉಳಿಯುವ ಗಟ್ಟಿ ಕೆಂಪು ನೀರಿಗೆ ಚೊಗರು ಅನ್ನುತ್ತಾರೆ. ಸಾಗರದ ಹತ್ತಿರ ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗದ ಸಂಸ್ಥೆಯವರು ಅದರಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ ಅಂತ ಕೇಳಿದ್ದೆ, ಅಲ್ಲಿಂದಲೇ ನನಗೆ ಆಸೆ ಹುಟ್ಟಿದ್ದು. ಚಿಕ್ಕಮ್ಮ ನವೆಂಬರ್‌ನಲ್ಲಿ ಐದು ಬಾಟಲಿ ಚೊಗರು ಬಸ್ಸಿಗೆ ಹಾಕಿ ಕಳಿಸಿದರು. ಸೋರಬಾರದು ಅಂತ ಪ್ರತಿ ಮುಚ್ಚಳಕ್ಕೂ ಪ್ಲಾಸ್ಟಿಕ್ ಕಟ್ಟಿ, ಮೇಲೆ ದಾರ ಸುತ್ತಿದ್ದರು. ಬಟ್ಟೆಯನ್ನು ಅದರಲ್ಲಿ ಅದ್ದಿ ಒಣಗಿಸಿದಾಗ ಮಳೆ ನಿಂತ ಮೇಲಿನ ನಮ್ಮ ಹೊಲದ ಬಣ್ಣ ಬಂತು. ಆ ದಿನ ನಾನು ಊಟ ಮಾಡಿದ್ದು ಮಧ್ಯಾಹ್ನ ಮೂರಕ್ಕೆ.

ಈಗ ರಸ್ತೆಗೆ ಬರುತ್ತೇನೆ.

ಹಾಸನ ಇನ್ನೊಂದು ಕಿಲೋಮೀಟರ್ ಇದೆ ಅನ್ನುವಾಗ ಒಂದು ಸೈಕಲ್ ಶಾಪ್ ಇದೆ. ಅಂಕಲ್ ಒಬ್ಬರೇ. ಅವರ ಹತ್ತಿರ ತುಕ್ಕು ಹಿಡಿದ ಚೈನ್ ಕೇಳಿದೆ. ಏಕೆ ಅಂತ ಕೇಳಿದರು, ಹೇಳಿದೆ. ಚೊಗರಿನಲ್ಲಿ ಒಗರು ಇರುತ್ತೆ, ಅದಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತೆ. ಒದ್ದೆ ಬಟ್ಟೆ ಮೇಲೆ ತುಕ್ಕಿನ ಚೈನ್ ಇಟ್ಟು, ಸುತ್ತಿ ಕಟ್ಟಿ ಎರಡು ದಿನ ಬಿಟ್ಟರೆ ಚೈನಿನ ಗುರುತು ಬಟ್ಟೆಗೆ ಇಳಿಯುತ್ತೆ. ಅವರು ಕೇಳಿ ಸುಮ್ಮನಾದರು. ಮುಂದಿನ ಭಾನುವಾರ ಹೋದರೆ ನಾಲ್ಕು ಚೈನ್ ಎತ್ತಿಟ್ಟಿದ್ದರು. ಸೀಮೆಎಣ್ಣೆಯಲ್ಲಿ ತೊಳೆದು, ಜಿಡ್ಡು ತೆಗೆದು, ಒಂದು ವಾರ ಬಿಸಿಲಿಗೂ ಇಬ್ಬನಿಗೂ ಹಾಕಿದ್ದರಂತೆ. 'ಎಣ್ಣೆ ಇದ್ರೆ ತುಕ್ಕು ಬಿಡಲ್ಲ ಕಣಮ್ಮ' ಅಂದರು. ನಾನು ಆ ಯೋಚನೆಯನ್ನೇ ಮಾಡಿರಲಿಲ್ಲ.

ಇನ್ನೊಂದು ಮಾತೂ ಅವರೇ ಹೇಳಿದ್ದು. ಸೈಕಲ್ ಚೈನ್ ಯಾವುದೇ ಇರಲಿ, ಒಂದು ಪಿನ್ನಿಂದ ಇನ್ನೊಂದು ಪಿನ್ನಿಗೆ ಅರ್ಧ ಇಂಚು. ಹಾಗಾದರೆ ಒಂದು ಅಡಿಗೆ 24 ಕೊಂಡಿ. ನನ್ನ ಬಟ್ಟೆಯಲ್ಲಿ ಒಂದು ಕೊಂಡಿ ಅಂದರೆ ಸುಮಾರು 42 ಮೀಟರ್ ರಸ್ತೆ. ಇದು ಗೊತ್ತಾದ ಮೇಲೆ ಹೊಲದ ಹೊಲಿಗೆ ಸಾಲುಗಳನ್ನೂ ಅರ್ಧ ಇಂಚಿಗೊಂದರಂತೆ ಹಾಕಿದೆ. ರಸ್ತೆಯೂ ಹೊಲವೂ ಒಂದೇ ಅಳತೆಗೆ ಕೂತವು.

ಅಚ್ಚು ಚೆನ್ನಾಗಿ ಬಂತು. ನನಗೆ ಅಷ್ಟು ಸಾಕಾಗಲಿಲ್ಲ. ಟಾರ್ ರಸ್ತೆಯ ಹಾಗೆ ಕಡುಕಪ್ಪು ಬೇಕು ಅಂತ ಆಸೆ. ತುಕ್ಕು ಮೊಳೆ, ಬೆಲ್ಲ, ನೀರು ಹಾಕಿ ಮಡಕೆಯಲ್ಲಿ ಹದಿನೈದು ದಿನ ಕೊಳೆಸಿ ಮಾಡುವ ಕಪ್ಪು ನೀರನ್ನು ರಸ್ತೆಯ ಮೇಲೆ ಬ್ರಷ್‌ನಿಂದ ಮೂರು ಸಲ ಹಚ್ಚಿದೆ. ಸರಿಯಾಗಿ ತೊಳೆಯಲೂ ಇಲ್ಲ. ಕಬ್ಬಿಣ ಜಾಸ್ತಿಯಾದರೆ ಹತ್ತಿಯ ನೂಲನ್ನು ತಿಂದುಹಾಕುತ್ತೆ. ಓದಿದ್ದೆ, ಆದರೂ ಮಾಡಿದೆ. ಫೆಬ್ರವರಿಯಲ್ಲಿ ಒಂದು ದಿನ ಬಟ್ಟೆ ಬಿಚ್ಚಿದರೆ ಮಡಿಕೆ ಇದ್ದ ಕಡೆಯೆಲ್ಲ ರಸ್ತೆ ಹಪ್ಪಳದ ಹಾಗೆ ಬಿರಿದಿತ್ತು. ಬೆರಳು ತಾಗಿಸಿದರೆ ಪುಡಿ. ಒಂಬತ್ತು ತೂತು. ಎಂಟು ತಿಂಗಳ ಕೆಲಸ. ಪ್ರದರ್ಶನಕ್ಕೆ ಉಳಿದಿದ್ದು ಎರಡೂವರೆ ತಿಂಗಳು.

ನಾಲ್ಕು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಅಮ್ಮ ಏನೂ ಕೇಳದೆ ಬಟ್ಟೆಯನ್ನು ಸೋಡಾ ನೀರಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆದು ನೆರಳಲ್ಲಿ ಹರಡಿದ್ದಳು. ಬಟ್ಟೆ ಇನ್ನಷ್ಟು ಹಾಳಾಗದ ಹಾಗೆ ತಡೆದಿದ್ದು ಅವಳು. ಅದನ್ನು ನಾನು ಆಮೇಲೆ ತಿಳಿದುಕೊಂಡೆ.

ಐದನೇ ದಿನ ಸೈಕಲ್ ಪಂಕ್ಚರ್ ಆಯಿತು ಅಂತ ಅಂಕಲ್ ಹತ್ತಿರ ಹೋದೆ. ಅವರು ಟ್ಯೂಬ್ ಉಜ್ಜುತ್ತಾ, 'ಬಟ್ಟೆ ಎಲ್ಲಿಗೆ ಬಂತು' ಅಂದರು. ನನಗೆ ಅಳು ಬಂತು. ಎಲ್ಲ ಹೇಳಿದೆ. ಅವರು ಸಮಾಧಾನದ ಮಾತು ಆಡಲಿಲ್ಲ. ಕೈಯಲ್ಲಿದ್ದ ಪ್ಯಾಚ್ ತೋರಿಸಿದರು. 'ತೂತಿಗಿಂತ ಪ್ಯಾಚ್ ದೊಡ್ಡದಿರಬೇಕು. ಸುತ್ತ ಗಟ್ಟಿ ಇರೋ ಜಾಗ ಸಿಗೋವರೆಗೂ ಬರಬೇಕು. ಮೂಲೆ ಚೂಪು ಇಟ್ರೆ ಅಲ್ಲಿಂದ್ಲೇ ಏಳುತ್ತೆ, ದುಂಡಗೆ ಕತ್ತರಿಸು' ಅಂದರು. ಟ್ಯೂಬ್ ಹಾಕಿ, ಗಾಳಿ ಹೊಡೆದು, ದುಡ್ಡು ತಗೊಂಡರು. ಮನೆಗೆ ಬಂದು ಅಜ್ಜಿಗೆ ಇದನ್ನೇ ಹೇಳಿದೆ. ಅಜ್ಜಿ ಹಳೆ ಸೀರೆ ಸೇರಿಸಿ ಹೊದಿಕೆ ಹೊಲಿಯುವವರು, ಉತ್ತರ ಕರ್ನಾಟಕದ ಕಡೆಯವರು ಕೌದಿ ಅಂತಾರಲ್ಲ, ಅದು. 'ಸರ್ಯಾಗಿ ಹೇಳವ್ನೆ. ನಾವೂ ಮೂಲೆ ಮುರ್ದೇ ಹೊಲಿಯೋದು. ಕೆಳಕ್ಕೆ ಒಂದು ಬಟ್ಟೆ ಕೊಡು ಮಗ, ಇಲ್ದಿದ್ರೆ ತೇಪೆಗೆ ಹಿಡ್ಕಳಕ್ಕೆ ಏನೈತೆ' ಅಂದರು.

ತೇಪೆಗೆ ಬಟ್ಟೆ ಎಲ್ಲಿಂದ ತರುವುದು ಅನ್ನುವಾಗ ನನಗೆ ಮೇಡಂ ಕೇಳಿದ ಪ್ರಶ್ನೆ ನೆನಪಾಯಿತು. ಯಾವ ಕಿಲೋಮೀಟರ್‌ನಲ್ಲಿ ತೂತು ಬಿದ್ದಿದೆಯೋ ಆ ಕಿಲೋಮೀಟರ್‌ನಿಂದಲೇ ಬಟ್ಟೆ ಕೇಳಿ ತರುವುದು ಅಂತ ತೀರ್ಮಾನ ಮಾಡಿದೆ. ಎಂಟು ತಿಂಗಳು ಆ ರಸ್ತೆಯಲ್ಲಿ ಹೋಗಿಬಂದಿದ್ದರೂ ಇಳಿದು ಮಾತಾಡಿಸಿದ್ದು ಕಡಿಮೆ.

7ನೇ ಕಿಲೋಮೀಟರ್‌ನಲ್ಲಿ ಆಲೂಗಡ್ಡೆ ತುಂಬುವ ಗೋಣಿಚೀಲ ಸಿಕ್ಕಿತು. 4ರಲ್ಲಿ ನನ್ನ ಹೈಸ್ಕೂಲ್, ಅಲ್ಲಿ ಓದುವ ಹುಡುಗಿಯೊಬ್ಬಳು ಗಿಡ್ಡವಾದ ತನ್ನ ಯೂನಿಫಾರಂ ಲಂಗ ಕೊಟ್ಟಳು. 11ರಲ್ಲಿ ಕುರಿ ಮೇಯಿಸುವ ಅಜ್ಜ ಕಂಬಳಿಯ ಅಂಚಿನಿಂದ ಅಂಗೈ ಅಗಲ ಕತ್ತರಿಸಿಕೊಟ್ಟರು. ನಾನು ಬೇಡ ಬೇಡ ಅನ್ನುತ್ತಿದ್ದರೂ ಕುಡುಗೋಲು ಹಾಕಿಬಿಟ್ಟರು. ಆ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಸೂಜಿ ಇಳಿಯಲ್ಲ. ಅದೊಂದನ್ನು ಹೊಲಿಯೋಕೆ ಎರಡು ದಿನ ಹಿಡಿಯಿತು.

9ನೇ ಕಿಲೋಮೀಟರ್‌ನ ಟೀ ಅಂಗಡಿ ಅಕ್ಕನ ಬಗ್ಗೆ ಹೇಳಲೇಬೇಕು. ಏನಾದರೂ ಹಳೆ ಬಟ್ಟೆ ಇದ್ದರೆ ಕೊಡಿ ಅಂತ ಕೇಳಿದೆ. ಅವರು ಸುತ್ತ ನೋಡಿ, 'ಇಲ್ಲಿ ಇರೋದು ಇದೊಂದೇ' ಅಂತ ಟೀ ಸೋಸುವ ಬಟ್ಟೆಯನ್ನೇ ಹಿಂಡಿ ಕೈಗಿಟ್ಟರು. ಇನ್ನೂ ಬೆಚ್ಚಗಿತ್ತು. ನಡುವೆ ಕಡು ಕಂದು, ಅಂಚಿಗೆ ಬರುತ್ತಾ ತಿಳಿ. ಯಾವ ಬಣ್ಣದ ಪಾತ್ರೆಯಲ್ಲಿ ಅದ್ದಿದರೂ ನನಗೆ ಅಂಥ ಬಣ್ಣ ಬರುವುದಿಲ್ಲ. ಮೂಲೆ ದುಂಡಗೆ ಮಾಡಿದ್ದು ಬಿಟ್ಟರೆ ಅದಕ್ಕೆ ನಾನು ಏನೂ ಮಾಡಲಿಲ್ಲ. ಅವರು ಅವತ್ತಿನ ಟೀಗೆ ದುಡ್ಡೂ ತಗೊಳ್ಳಲಿಲ್ಲ. ಅಕ್ಕ, ನಿಮಗೆ ಹೊಸ ಸೋಸುವ ಬಟ್ಟೆ ತಂದುಕೊಟ್ಟಿದ್ದೇನೆ, ಅದು ನಿಮ್ಮ ಋಣಕ್ಕೆ ಸಾಲದು ಅಂತ ನನಗೆ ಗೊತ್ತು.

ರಾತ್ರಿ ಹೊಲಿಗೆಗೆ ಕೂತ ಗೆಳತಿಯರೇ, ನಿಮ್ಮ ಬೆರಳು ಈಗ ಹೇಗಿವೆ? ಪರೀಕ್ಷೆ ಹತ್ತಿರವಿದ್ದರೂ ಬಂದಿರಿ. 18 ಅಡಿ ಸುರುಳಿಯನ್ನು ಇಬ್ಬರ ಸೀಟಿನ ಮೇಲೆ ಅಡ್ಡ ಮಲಗಿಸಲು ಬಿಟ್ಟ ಬೆಳಗಿನ ಬಸ್ಸಿನ ಕಂಡಕ್ಟರ್‌ಗೆ, ಅದಕ್ಕಾಗಿ ಎದ್ದು ನಿಂತ ಇಬ್ಬರು ಹೆಂಗಸರಿಗೆ ತುಂಬಾ ಥ್ಯಾಂಕ್ಸ್. ನಿಮ್ಮ ಹೆಸರು ಕೇಳಲು ಆ ಗಡಿಬಿಡಿಯಲ್ಲಿ ಆಗಲಿಲ್ಲ.

ಪ್ರದರ್ಶನದ ಮೊದಲ ದಿನ ಒಬ್ಬ ಪುಟ್ಟ ಹುಡುಗ ರಸ್ತೆ ಮೇಲಿನ ತೇಪೆಗಳನ್ನು ತೋರಿಸಿ, 'ಅಮ್ಮ, ಗುಂಡಿ ಮುಚ್ಚವ್ರೆ' ಅಂದ. ನಮ್ಮ ರಸ್ತೆಯಲ್ಲೂ ಮಳೆಗಾಲ ಮುಗಿದ ಮೇಲೆ ಹಾಗೇ ಅಲ್ವಾ, ಹಳೆ ಟಾರಿನ ಮೇಲೆ ಹೊಸ ಟಾರಿನ ಚೌಕ. ಆ ಮಾತನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಅಜ್ಜಿ ಎರಡನೇ ದಿನ ಬಂದರು. ಗೋಡೆಗೆ ಹಾಕಿದ್ದು ನೋಡಿ, 'ಇಷ್ಟು ದಪ್ಪ ಐತೆ, ಹೊದ್ಕೊಳ್ಳೋಕೆ ಆಯ್ತಿತ್ತು' ಅಂದರು. ಅಜ್ಜಿ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಕೊನೆಯ ದಿನ ಮಧ್ಯಾಹ್ನ ಶಾಪ್ ಬಾಗಿಲು ಹಾಕಿ ಸೈಕಲ್ ಅಂಕಲ್ ಬಂದರು. ಒಗೆದ ಬಿಳಿ ಷರ್ಟು, ಉಗುರಿನ ಸಂದಿಯಲ್ಲಿ ಮಾತ್ರ ಗ್ರೀಸ್. ನಮ್ಮೂರ ಕಡೆಯಿಂದ ಶುರು ಮಾಡಿ ನಿಧಾನವಾಗಿ ಹಾಸನದವರೆಗೆ ನಡೆದರು. ಗೋಡೆಯ ಮೇಲಿದ್ದ ಬರಹ ಓದಲಿಲ್ಲ. ಪ್ರತಿ ತೇಪೆಯ ಹತ್ತಿರ ನಿಂತು, ಹೆಬ್ಬೆರಳನ್ನು ಮೂಲೆಯ ಮೇಲೆ ಮೆಲ್ಲಗೆ ಒತ್ತಿ ಎಳೆದು ನೋಡಿದರು. ಒಂಬತ್ತೂ ಆಯಿತು.

'ಒಂದೂ ಎದ್ದಿಲ್ಲ' ಅಂದರು. ಬಾಗಿಲವರೆಗೆ ಹೋದವರು ತಿರುಗಿ, 'ನಿನ್ ಸೈಕಲ್ ಹಿಂದಿನ ಬ್ರೇಕ್ ರಬ್ಬರ್ ಸವೆದೈತೆ. ಸೋಮವಾರ ತಗೊಂಡು ಬಾ' ಅಂದರು.